ಮೈಕ್‌ಸೆಟ್ ನಂಜುಂಡಣ್ಣನ ಎರಡು ಬೆರಳು

ನಮ್ಮ ಭವ್ಯಳನ್ನು ಆರ್ಕೆಸ್ಟ್ರಾದವರು ತೆಗೆದುಕೊಂಡರು. ಬರುವ ಭಾನುವಾರದಿಂದಲೇ ಬರಬೇಕಂತೆ. ನಿನ್ನೆ ನೆಲಮಂಗಲದಿಂದ ವಾಪಸಾಗುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ದೊಡ್ಡಬಳ್ಳಾಪುರದಲ್ಲಿ ಇಳಿದ ಮೇಲೆ ಹೂವಿನವಳಿಗೂ ಹೇಳಿದೆ. "ನನ್ನ ಮೊಮ್ಮಗಳು ಬೇಸ್ ಗಿಟಾರ್ ಬಾರಿಸ್ತಾಳೆ" ಅಂದರೆ ಅವಳು "ಹಂಗಂದ್ರೇನಮ್ಮ?" ಅಂದಳು. "ಹಾಡಿನ ಕೆಳಗೆ ಗುಂ ಗುಂ ಅಂತದಲ್ಲ, ಅದು" ಅಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಷ್ಟು ತಿಳಿಸಿಕೊಟ್ಟವರು ಮೈಕ್‌ಸೆಟ್ ನಂಜುಂಡಣ್ಣ. ಸುದ್ದಿಯನ್ನು ಮೊದಲು ಹೇಳಬೇಕಾಗಿದ್ದುದು ಅವರಿಗೆ. ಅವರಿಲ್ಲ. ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಂಜುಂಡಣ್ಣ ಒಂದು ಜಾಗದಲ್ಲಿ ನಿಂತದ್ದನ್ನು ನಾನು ಕಂಡವಳಲ್ಲ. ಸಣ್ಣ ಆಳು, ಹೆಗಲ ಮೇಲೆ ಸುತ್ತಿದ ವೈರು, ಜೇಬಿನಲ್ಲಿ ಟೆಸ್ಟರ್. ಮದುವೆಯಾಗಲಿ ನಾಮಕರಣವಾಗಲಿ, ಬಾಕ್ಸುಗಳನ್ನು ನಿಲ್ಲಿಸಿ ಹಾಡು ಹಾಕಿದ ಮೇಲೆ ಬೇರೆ ಮೈಕ್‌ಸೆಟ್‌ನವರು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾರೆ. ಇವರು ಆಗ ನಡೆಯಲು ಶುರುಮಾಡುತ್ತಿದ್ದರು. ಚಪ್ಪರದ ಬಾಗಿಲು, ಹೆಣ್ಣಿನ ಕಡೆಯವರ ಕೋಣೆ, ಕೈ ತೊಳೆಯುವ ನಲ್ಲಿ, ಕೊನೆಗೆ ಅಡುಗೆಯವರ ಒಲೆ. ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು, ತಲೆ ಓರೆ ಮಾಡಿ ಕೇಳುವುದು. ಪಾತ್ರೆ ತೊಳೆಯುವ ಹೆಂಗಸರನ್ನೂ ಬಿಡದೆ "ಕೇಳ್ತದಾ ಅವ್ವ?" ಅಂತ ವಿಚಾರಿಸುವುದು.

ಊಟವನ್ನೂ ತಟ್ಟೆ ಹಿಡಿದು ಓಡಾಡಿಕೊಂಡೇ ಮಾಡುತ್ತಿದ್ದರು. ನನ್ನ ಮಗ ರಮೇಶನ ಮದುವೆಯಲ್ಲಿ ನನಗೆ ರೇಗಿತು.

"ನಂಜುಂಡಣ್ಣ, ನೀವೇನು ದೇಶಾಂತರ ಹೊರಟಿದ್ದೀರಾ? ಕೂತ್ಕೊಂಡು ಎರಡು ತುತ್ತು ಉಣ್ಣಿ."

"ಕೂತ್ರೆ ಒಂದೇ ಕಡೆ ಕೇಳ್ತದೆ ಅಕ್ಕ."

"ಕೇಳದಿದ್ರೆ ಏನಂತೆ? ಅಲ್ಲೇನು ಹರಿಕಥೆ ನಡೀತಿದ್ಯಾ?"

"ನೀವು ಕರ್ದಿರೋದು ಎಲ್ರನ್ನೂ ತಾನೆ?" ಅಂದವರೇ ಹಪ್ಪಳ ಮುರಿದುಕೊಂಡು ಹೊರಟುಬಿಟ್ಟರು.

ಆ ರಮೇಶನ ಮಗಳೇ ಭವ್ಯ. ಕಾಲೇಜು ಸೇರಿದ ವರ್ಷ ಅವಳಿಗೆ ಈ ಗಿಟಾರಿನ ಹುಚ್ಚು ಹಿಡಿಯಿತು. ಆರ್ಕೆಸ್ಟ್ರಾ ಬಿಟ್ಟ ಯಾರದೋ ಹಳೆಯದನ್ನು ನಂಜುಂಡಣ್ಣನೇ ತಂದುಕೊಟ್ಟರು. ನಾಲ್ಕೇ ದಪ್ಪ ತಂತಿ. ಸದ್ದು ಹಿಡಿಯುವ ಪಟ್ಟಿ ಎರಡು. ಕತ್ತಿನ ಹತ್ತಿರದ್ದು ದಪ್ಪ ಸದ್ದು ಹಿಡಿಯುತ್ತದೆ, ಕೆಳಗಿನದು ಚೂಪು ಸದ್ದು. ವೈರು ಚುಚ್ಚುವ ತೂತೂ ಎರಡು. ಮೋನೋ ಅನ್ನುವುದಕ್ಕೆ ಚುಚ್ಚಿದರೆ ಎರಡು ಸದ್ದೂ ಬೆರೆತು ಒಂದಾಗಿ ಹೊರಡುತ್ತವೆ. ಸ್ಟೀರಿಯೋ ಅನ್ನುವುದಕ್ಕೆ ಚುಚ್ಚಿದರೆ ಬೇರೆಬೇರೆಯಾಗಿ ಎಡದ ಬಾಕ್ಸಿಗೊಂದು, ಬಲದ ಬಾಕ್ಸಿಗೊಂದು. ಭವ್ಯ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಸ್ಟೀರಿಯೋದಲ್ಲೇ ಕೇಳುತ್ತಿದ್ದಳು. "ತಲೆ ಒಳಗೇ ಒಂದು ಮನೆ ಇದ್ದಂಗಿರುತ್ತೆ ಅಜ್ಜಿ" ಅನ್ನುತ್ತಿದ್ದಳು.

ಸಾಸಲಿನಲ್ಲಿ ನೆಂಟರ ಮದುವೆಗೆ ಅವಳೂ ಅವಳ ಗೆಳತಿಯರೂ ಬಾರಿಸಲು ಹೋದರು. ನಂಜುಂಡಣ್ಣನದೇ ಮೈಕ್‌ಸೆಟ್. ಎಡದ ಬಾಕ್ಸು ವೇದಿಕೆಯ ಮುಂದೆ, ಬಲದ್ದು ಊಟದ ಚಪ್ಪರದಲ್ಲಿ. ಇವಳು ಮನೆಯ ಅಭ್ಯಾಸದಂತೆ ಸ್ಟೀರಿಯೋಗೆ ಚುಚ್ಚಿಬಿಟ್ಟಳು. ವೇದಿಕೆಯ ಮುಂದೆ ಗುಂ ಗುಂ. ಊಟಕ್ಕೆ ಕೂತ ನನಗೂ ರಮೇಶನಿಗೂ ಬರೀ ಟಿಕಿಟಿಕಿ, ಡಬ್ಬಿಯ ಮೇಲೆ ಹಲ್ಲಿ ಓಡಿದ ಹಾಗೆ. ಸಾಲಿನಲ್ಲಿದ್ದವನೊಬ್ಬ "ರಮೇಶಣ್ಣ, ನಿನ್ ಮಗಳ ಗಿಟಾರಿಗೆ ಕರೆಂಟಿಲ್ವಾ?" ಅಂದ. ಸಾಲಿಗೆ ಸಾಲೇ ನಕ್ಕಿತು. ರಮೇಶ ಎಲೆ ಬಿಟ್ಟು ಎದ್ದ.

ಓಡಾಡುತ್ತ ಅಲ್ಲಿಗೆ ಬಂದ ನಂಜುಂಡಣ್ಣ ಒಂದು ಗಳಿಗೆ ಕಿವಿಗೊಟ್ಟು ವೇದಿಕೆಯ ಕಡೆ ಓಡಿದರು. ಕೈ ಮೇಲೆತ್ತಿ, ಎರಡು ಬೆರಳು ಜೋಡಿಸಿ ತೋರಿಸಿದರು. ಅವಳಿಗೆ ಅರ್ಥವಾಗಲಿಲ್ಲ. ತಾವೇ ವೇದಿಕೆ ಹತ್ತಿ, ವೈರು ಕಿತ್ತು ಇನ್ನೊಂದು ತೂತಿಗೆ ಚುಚ್ಚಿ, ಎರಡು ಬಾಕ್ಸಿಗೂ ಸದ್ದು ಹೋಗುವಂತೆ ಮಿಕ್ಸರಿನಲ್ಲೂ ಏನೋ ತಿರುಗಿಸಿದರು. ಊಟದ ಚಪ್ಪರವೂ ಗುಂ ಅಂದಿತು. ಅಷ್ಟರಲ್ಲಿ ರಮೇಶನ ಬೈಕು ಊರು ದಾಟಿತ್ತು.

"ಅದನ್ನ ವಾಪಸ್ ಕೊಟ್ಬಿಡು. ನಗೆಪಾಟಲಾಗಿದ್ದು ಸಾಕು" ಅಂದ ಮಾರನೆಯ ದಿನ. ಭವ್ಯ ಗಿಟಾರನ್ನು ಚೀಲಕ್ಕೆ ಹಾಕಿ ಮೂಲೆಗಿಟ್ಟಳು. ಮೂರನೆಯ ದಿನ ನಂಜುಂಡಣ್ಣ ಬಂದರು. ಕುರ್ಚಿ ಕೊಟ್ಟರೆ ಅದರ ಸುತ್ತ ನಡೆದರು.

"ನೋಡವ್ವ, ಮುದ್ದೇನೂ ಸಾರೂ ಚೆನ್ನಾಗೇ ಮಾಡಿದ್ದೆ ನೀನು. ಈ ಸಾಲಿಗೆ ಬರೀ ಮುದ್ದೆ ಬಡಿಸ್ದೆ, ಆ ಸಾಲಿಗೆ ಬರೀ ಸಾರು. ಉಣ್ಣೋರು ಏನ್ಮಾಡ್ಬೇಕು?"

"ಸ್ಟೀರಿಯೋ ಚೆನ್ನಾಗಿರಲ್ವಾ ತಾತ?"

"ಇರ್ತದೆ. ಸರಿಯಾಗಿ ನಡುವೆ ಕೂತೋನಿಗೆ ಬಲು ಚಂದ. ಮದುವೆ ಮನೇಲಿ ನಡುವೆ ಯಾರವ್ವ ಕೂತಿರ್ತಾರೆ? ಎಲ್ಲಾ ಮೂಲೇಲೇ." ಆಮೇಲೆ ರಮೇಶನ ಕಡೆ ತಿರುಗಿ, "ಕೈಯಲ್ಲಿ ತಪ್ಪಿಲ್ಲ ಕಣಪ್ಪ. ಬಡಿಸೋದ್ರಲ್ಲಿ ತಪ್ಪಿದ್ದು" ಅಂದರು.

"ಇನ್ನೊಂದೇ ಸಲ ನೋಡ್ತೀನಿ" ಅಂದ ರಮೇಶ. ಗಿಟಾರ್ ಮನೆಯಲ್ಲಿ ಉಳಿಯಿತು, ಆ ಮಾತೂ ಉಳಿಯಿತು.

ಕೊನೆಯ ಸಲ ಅವರನ್ನು ಕಂಡಾಗ ಒಂದು ಕಾಲಿಗೆ ಲಕ್ವ ಹೊಡೆದಿತ್ತು. ಅವರ ಮೈಕ್‌ಸೆಟ್ ಅಂಗಡಿಯ ಬಾಗಿಲಲ್ಲಿ ಮನೆಯವರು ಕುರ್ಚಿಗೆ ಕೂರಿಸಿದ್ದರು. ಚೆನ್ನಾಗಿದ್ದ ಇನ್ನೊಂದು ಕಾಲು ಮಾತ್ರ ಒಂದೇ ಸಮನೆ ಅಲುಗುತ್ತಿತ್ತು. ನನ್ನ ಜೊತೆ ಗಿಟಾರ್ ತಂದಿದ್ದ ಭವ್ಯಳಿಗೆ ಬಾರಿಸಲು ಹೇಳಿ, ಒಂದು ಚೂರು ಕೇಳಿ, ನನ್ನ ಕಡೆ ನೋಡಿದರು. "ಅಕ್ಕ, ನನ್ ಕೈಲಾಗಲ್ಲ. ನೀವು ರಸ್ತೆ ಆ ಕಡೆ ಹೋಗಿ ಕೇಳ್ಕೊಂಡ್ ಬನ್ನಿ."

ಲಾರಿಗಳ ನಡುವೆ ದಾಟಿ ಟೀ ಅಂಗಡಿಯ ಹತ್ತಿರ ನಿಂತೆ, ಅದರಾಚೆಯ ಹಿಟ್ಟಿನ ಗಿರಣಿಯ ಹತ್ತಿರ ನಿಂತೆ. ವಾಪಸು ಬಂದು "ಗಿರಣಿ ತನಕ ಕೇಳ್ತದೆ" ಅಂದೆ. "ಎರಡೂ?" ಅಂದರು. ನಾನು ಎರಡು ಬೆರಳು ಜೋಡಿಸಿ ತೋರಿಸಿದೆ. ಆಗ ಆ ಕಾಲು ಅಲುಗುವುದು ನಿಂತಿತು. ತಿಂಗಳೊಳಗೆ ಹೋಗಿಬಿಟ್ಟರು.

ನಿನ್ನೆ ಆರ್ಕೆಸ್ಟ್ರಾದವರು ಪರೀಕ್ಷೆಗೆ ಕರೆದಿದ್ದು ನೆಲಮಂಗಲದ ಗೋಡೌನುಗಳ ಸಾಲಿನ ಒಂದು ಶೆಡ್ಡಿಗೆ. ಒಳಗೆ ಸೆಕೆ ಅಂತ ಯಜಮಾನರು ಹಿಂದಿನ ಅಂಗಳದಲ್ಲಿ ಟೀ ಕುಡಿಯುತ್ತ ಕೂತಿದ್ದರು. ಅವರು ಕೇಳಲೆಂದು ಒಂದು ಬಾಕ್ಸು ಅಲ್ಲಿತ್ತು, ಇನ್ನೊಂದು ಒಳಗೆ. ಮಿಕ್ಸರಿನವರು "ಸ್ಟೀರಿಯೋ ಹಾಕಮ್ಮ, ಗ್ರ್ಯಾಂಡಾಗಿರುತ್ತೆ" ಅಂದರು. ಹೊಸ ಜಾಗ, ಹೊಸ ಜನ. ಎದುರಾಡಲು ಹೆದರಿ ಇವಳು ಹಾಗೇ ಮಾಡಿದಳು.

ನನಗೆ ಕೂರಲಾಗಲಿಲ್ಲ. ಮುಖ ತೊಳೆಯೋಣವೆಂದು ಅಂಗಳದ ನಲ್ಲಿಗೆ ಹೋದೆ. ಅಲ್ಲಿ ಕೇಳಿಸಿತು, ಅದೇ ಟಿಕಿಟಿಕಿ, ಅದೇ ಹಲ್ಲಿ. ಯಜಮಾನರು ಪಕ್ಕದವರಿಗೆ "ಕೈಯಲ್ಲಿ ದಮ್ಮಿಲ್ಲ, ಮುಂದಿನವ್ರನ್ನ ಕರೀರಿ" ಅನ್ನುತ್ತಿದ್ದರು. ಮುಖದ ನೀರು ಒರೆಸದೆ ಶೆಡ್ಡಿನ ಬಾಗಿಲಿಗೆ ಓಡಿ, ಕೈ ಮೇಲೆತ್ತಿ, ಎರಡು ಬೆರಳು ಜೋಡಿಸಿ ಹಿಡಿದೆ.

ಭವ್ಯ ನೋಡಿದಳು. ಹಾಡಿನ ನಡುವೆಯೇ ಕೈ ನಿಲ್ಲಿಸಿ, ವೈರು ಕಿತ್ತು ಮೋನೋಗೆ ಚುಚ್ಚಿ, ಮಿಕ್ಸರಿನವರಿಗೆ "ಎರಡು ಕಡೆಗೂ ಬಿಡಿ ಸಾರ್" ಅಂದಳು. ಈಗ ಅಂಗಳದಲ್ಲಿ ಟೀ ಲೋಟ ತಟ್ಟೆಯ ಮೇಲೆ ನಡುಗಿತು. ಯಜಮಾನರು ಎದ್ದು ಬಂದರು.

"ಇದೇನು, ಕೈ ಬದಲಾಯ್ತಾ?"

"ಕೈ ಅದೇ ಸ್ವಾಮಿ. ಬಡಿಸೋದು ಬದಲಾಯ್ತು" ಅಂದೆ.

"ಯಾರಮ್ಮ ಇವ್ರು?"

"ನಮ್ಮಜ್ಜಿ" ಅಂದಳು ಭವ್ಯ. ಯಜಮಾನರು ಪೂರ್ತಿ ಹಾಡನ್ನು ಇನ್ನೊಮ್ಮೆ ಬಾರಿಸಲು ಹೇಳಿ, ಕೇಳಿ, ನಿಂತಲ್ಲೇ ಭಾನುವಾರ ಬಾ ಅಂದರು.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ಸೊಸೆ ಸವಿತಾ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ಭವ್ಯ ಶೆಡ್ಡಿನಲ್ಲಿ ಬಾರಿಸಿದ್ದು ಫೋನಿನಲ್ಲಿತ್ತು, ಅದನ್ನು ಸಣ್ಣ ಬಾಕ್ಸಿಗೆ ಹಾಕಿದಳು. ಎರಡು ತುತ್ತು ಉಂಡವಳು ತಟ್ಟೆ ಹಿಡಿದುಕೊಂಡು ಎದ್ದಳು. ಅಡುಗೆಮನೆಗೆ ಹೋಗಿ ನಿಂತಳು, ಹಿತ್ತಲ ಬಾಗಿಲಿಗೆ ಹೋಗಿ ತಲೆ ಓರೆ ಮಾಡಿದಳು.

"ಲೇ, ಕೂತ್ಕೊಂಡು ಉಣ್ಣೇ" ಅಂದ ರಮೇಶ.

"ಬಿಡೋ, ಕೇಳ್ಕೊಂಡು ಬರ್ಲಿ" ಅಂದೆ. ಆಮೇಲೆ ನಾನೂ ಎದ್ದು, ಹಿತ್ತಲ ಬಾಗಿಲಿನವರೆಗೆ ಹೋಗಿ, ಅವಳ ತಟ್ಟೆಗೆ ಮುದ್ದೆಯನ್ನೂ ಸಾರನ್ನೂ ಅಲ್ಲೇ ಬಡಿಸಿದೆ.