ಸಮುದ್ರಕ್ಕೆ ಇಳಿಯುವ ದಾರಿ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಕರಾವಳಿ ಪ್ರವಾಸ ಕೆಟ್ಟಿತು. ಪ್ರವಾಸ ಇನ್ನೂ ಹೊರಟೇ ಇರಲಿಲ್ಲ ಎಂಬುದು ಬೇರೆ ಮಾತು.

ಕಾರವಾರದಿಂದ ಉಳ್ಳಾಲದವರೆಗೆ, ಐದು ದಿನ, ಕಡಲನ್ನು ಬಲಕ್ಕಿಟ್ಟುಕೊಂಡು ಕಾರಿನಲ್ಲಿ ಹೋಗುವುದು. ಹೊಸಪೇಟೆಯ ಮನೆಯಲ್ಲಿ ಕೂತು ನಾನು ಬರೆದ ಯೋಜನೆಯಲ್ಲಿ ಸೂರ್ಯ ಯಾವ ಬೀಚಿನಲ್ಲಿ ಎಷ್ಟು ಹೊತ್ತಿಗೆ ಮುಳುಗಬೇಕು ಎಂಬುದೂ ಇತ್ತು. ಇದೆಲ್ಲ ನಮ್ಮ ಜೊತೆಗಿರುವ ಅತ್ತೆಗಾಗಿ. ಕಂಪ್ಲಿ ಕಡೆಯ ಮೆಟ್ರಿಯವರಾದ ಅವರು ಅರವತ್ತೆಂಟು ವರ್ಷದಲ್ಲಿ ಕಂಡ ದೊಡ್ಡ ನೀರೆಂದರೆ ತುಂಗಭದ್ರಾ ಡ್ಯಾಮಿನದು. “ಸಮುದ್ರ ಇದಕ್ಕಿಂತ ದೊಡ್ಡದಿರತೈತೇನ್ರಿ?” ಎಂದು ಅನುಮಾನದಿಂದ ಕೇಳಿದ್ದರು.

ಕಾರು ಹೊಸದು, ನನ್ನ ಹೆಂಡತಿಯ ತಮ್ಮ ಪ್ರಕಾಶನದು. ದೂರ ಹೋಗುವ ಮುನ್ನ ಗಾಡಿಯನ್ನು ದೇವರಿಗೆ ತೋರಿಸಲೇಬೇಕೆಂದು ಅತ್ತೆ ಹಟ ಹಿಡಿದರು. ಅತ್ತೆ, ಪ್ರಕಾಶ, ನಾನು ಮೂವರೂ ಸಂಡೂರಿನ ಗುಡ್ಡದ ಗುಡಿಗೆ ಹೋದೆವು. ಸಮುದ್ರಕ್ಕೆ ಅರ್ಪಿಸಲೆಂದು ಅಲ್ಲಿ ಒಂದು ಇಡೀ ತೆಂಗಿನಕಾಯಿಗೆ ಪೂಜೆ ಮಾಡಿಸಿ, ಕರ್ಚೀಫಿನ ಸಿಂಬಿ ಸುತ್ತಿ, ಅತ್ತೆ ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದರು. ದೇವರು ಮುಂದಿದ್ದರೆ ಅಪಘಾತವಾಗುವುದಿಲ್ಲ. ಕಾಯಿ ಮುಂದಿದ್ದರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಹನ್ನೊಂದೂ ಹತ್ತಕ್ಕೆ, ಗುಡಿಯಿಂದ ವಾಪಸು ಬರುವಾಗ ಇಳಿಜಾರಿನ ತಿರುವಿನಲ್ಲಿ, ಕಾಯಿ ಉರುಳಿ ಪ್ರಕಾಶನ ಕಾಲ ಬಳಿ ಬಿದ್ದು ಬ್ರೇಕಿನ ಅಡಿಗೆ ಹೋಗಿ ಕೂತಿತು.

“ಮಾಮಾ, ಬ್ರೇಕ್ ಹತ್ತವಲ್ದು!”

“ಒದಿಯೋ ಅದನ್ನ!” ಎಂದೆ.

ಹಿಂದಿನ ಸೀಟಿನಿಂದ ಅತ್ತೆ ಕಿರುಚಿದರು: “ಕಾಲ್ ಹಚ್ಚಬ್ಯಾಡಲೇ ಪರಕಾಶಾ, ದೇವರ ಕಾಯಿ ಐತಿ!”

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಪ್ರಕಾಶನ ಒಂದು ಕೂಗಿಗೆ ಹಮಾಲರೆಲ್ಲ ನೆಟ್ಟಗಾಗುತ್ತಾರೆ. ಅವ್ವನ ಮುಂದೆ ಮಾತ್ರ ಅವನಿನ್ನೂ ಮೂರನೆಯ ಕ್ಲಾಸು. ಕಾಲನ್ನು ಭಕ್ತಿಯಿಂದ ಹಿಂದಕ್ಕೆಳೆದುಕೊಂಡು, ತಲೆ ಬಗ್ಗಿಸಿ, ಕೈಯಿಂದ ಕಾಯಿ ತಡಕಾಡತೊಡಗಿದ. ಮುಂದೆ ಅದಿರಿನ ಲಾರಿ. ಸ್ಟಿಯರಿಂಗ್ ಹಿಡಿದದ್ದು ನಾನು. ನನಗೆ ಡ್ರೈವಿಂಗ್ ಬರುವುದಿಲ್ಲ. ಲಾರಿಯ ಬೆನ್ನಿನ ಕೆಂಪು ಧೂಳಿನಲ್ಲಿ ಯಾರೋ ಬೆರಳಿನಿಂದ ಬರೆದಿದ್ದ ಹೆಸರು ಓದುವಷ್ಟು ಹತ್ತಿರ ಹೋದಾಗ ಕಾಯಿ ಕೈಗೆ ಬಂತು, ಕಾರು ನಿಂತಿತು. ಪ್ರಕಾಶ ಮೊದಲು ಕಾಯಿಯನ್ನು ಕಣ್ಣಿಗೊತ್ತಿಕೊಂಡ. ಉಸಿರು ಬಿಟ್ಟದ್ದು ಆಮೇಲೆ. ಹ್ಯಾಂಡ್‌ಬ್ರೇಕ್ ಎಂಬುದೊಂದಿದೆ ಎಂದು ನಮಗೆ ನೆನಪಾದದ್ದು ಮನೆ ಸೇರಿದ ಮೇಲೆ.

ಅಂದಿನಿಂದ ಕಣ್ಣು ಮುಚ್ಚಿದರೆ ಲಾರಿ. ಬಿ.ಎಸ್ಸಿ.ಯಲ್ಲಿ ಓದಿದ ಭೂವಿಜ್ಞಾನವೂ ಆಗಲೇ ಉಪಯೋಗಕ್ಕೆ ಬರಬೇಕೆ? ಕರಾವಳಿ ಎಷ್ಟೇ ಸಮತಟ್ಟಾಗಿದ್ದರೂ ನಮ್ಮ ಕಡೆಯವರು ಅಲ್ಲಿಗೆ ಘಟ್ಟ ಇಳಿದೇ ಹೋಗಬೇಕು. ಅರಬೈಲು ಬಿಟ್ಟರೆ ದೇವಿಮನೆ, ಅದನ್ನೂ ಬಿಟ್ಟರೆ ಇನ್ನೊಂದು. ಘಟ್ಟವಿಲ್ಲದ ದಾರಿ ಹುಡುಕುತ್ತ ನಾನು ನಕ್ಷೆಯಲ್ಲೇ ಕನ್ಯಾಕುಮಾರಿಯವರೆಗೆ ಹೋಗಿಬಂದೆ. ಹೆದರಿಕೆ ಎನ್ನಲು ನಾಚಿಕೆ. ಮಳೆ ನಿಲ್ಲಲಿ, ರಸ್ತೆ ರಿಪೇರಿ ಮುಗಿಯಲಿ ಎಂದು ದಿನ ತಳ್ಳಿದೆ. ಅತ್ತೆ ಒಮ್ಮೆಯೂ ಯಾವಾಗ ಹೊರಡುವುದೆಂದು ಕೇಳಲಿಲ್ಲ. ಮುನಿಸಿರಬೇಕು ಅಂದುಕೊಂಡೆ. ಹೀಗೇ ತಳ್ಳಿದರೆ ಅವರಿಗೆ ಡ್ಯಾಮೇ ಗತಿ.

ಹದಿನೇಳನೆಯ ದಿನ, ಶನಿವಾರ ಸಂಜೆ, ಚಹಾ ಕುಡಿಯುವಾಗ ಹೇಳಿಯೇಬಿಟ್ಟೆ: “ಅತ್ತೀ, ಕಾರಿನಾಗ ಘಟ್ಟ ಇಳಿಯಾಕ ನನಗ ಅಂಜಿಕಿ ಬರತೈತ್ರಿ.”

ಅತ್ತೆ ಲೋಟ ಕೆಳಗಿಟ್ಟರು. “ನನಗೇನ್ ಧೈರ್ಯ ಐತೇನ್ರಿ? ಕಾಲ್ ಹಚ್ಚಬ್ಯಾಡ ಅಂದಾಕಿ ನಾನಽ. ಕಾಯಿ ಉಳೀಲಿ ಅಂತ ಮಗನ್ನ ಕಳಕೊಂತಿದ್ನಿ. ಅವತ್ತಿಂದ ಕಣ್ಣಿಗೆ ನಿದ್ದಿ ಹತ್ತಿಲ್ಲ. ನೀವು ಬೈತೀರಿ ಅಂತ ಸುಮ್ಮನಿದ್ನಿ.”

“ನಾ ಒದಿ ಅಂದಿದ್ನಲ್ರಿ. ದೇವರು ಬೈತಾನ ಅಂತ ನಾನೂ ಸುಮ್ಮನಿದ್ದೆ.”

ಅತ್ತೆ ಮೊದಲ ಸಲ ನಕ್ಕರು. “ದೇವರು ಭಾಳ ಸಮುದ್ರ ನೋಡ್ಯಾನ ಬಿಡ್ರಿ. ನಾನಽ ನೋಡಿಲ್ಲ. ರೈಲು ಹೋಗಂಗಿಲ್ಲೇನ್ರಿ?”

ಹೋಗುತ್ತದೆ. ಘಟ್ಟವನ್ನು ಅದೂ ಇಳಿಯುತ್ತದೆ. ಆದರೆ ಅದರ ಬ್ರೇಕಿನ ಹತ್ತಿರ ನಮ್ಮ ಮನೆಯವರು ಯಾರೂ ಇರುವುದಿಲ್ಲ. ಘಟ್ಟಕ್ಕೆ ರೈಲು, ಕೆಳಗೆ ಕಡಲ ಬದಿಗೆ ಬಾಡಿಗೆ ಕಾರು ಎಂದು ಯೋಜನೆ ತಿದ್ದಿ ಮಲಗಿದೆ.

ಭಾನುವಾರ ಹೆಂಡತಿ ಅಲುಗಾಡಿಸಿ ಎಬ್ಬಿಸಿದಾಗ ಒಂಬತ್ತು ಗಂಟೆ. “ಅತ್ತೆ ಎದ್ದಾರೇನು?” ಎಂದೆ. ಅವಳು ಪಕ್ಕದ ಕೋಣೆಯ ಗೊರಕೆಯತ್ತ ಬೆರಳು ತೋರಿಸಿದಳು. ಹದಿನಾರು ರಾತ್ರಿ ಒಂದೇ ಗೋಡೆಯ ಆಚೆ ಈಚೆ ನಾವಿಬ್ಬರೂ ಒಂದೇ ಲಾರಿಗೆ ಹೆದರಿ ಕೂತಿದ್ದೆವು. ಒಟ್ಟಿಗೆ ಕೂತು ಹೆದರಿದ್ದರೆ ಎರಡೇ ದಿನಕ್ಕೆ ಮುಗಿಯುತ್ತಿತ್ತು.