ಹಡಗು ಕಟ್ಟುವ ಚಾಚಾನ ಶನಿವಾರದ ಪರೀಕ್ಷೆ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಬಾಕಿ. ಗೋವಾದ ವಾಸ್ಕೋ ಬಂದರಿನಲ್ಲಿ ಕಲ್ಲಿದ್ದಲು ಹೊತ್ತ ಹಡಗೊಂದು ಎರಡು ಟಗ್ ದೋಣಿಗಳ ನಡುವೆ ಮೆಲ್ಲಗೆ ದಡಕ್ಕೆ ಸರಿಯುತ್ತಿದೆ. ಮೇಲಿನಿಂದ ಖಲಾಸಿಯೊಬ್ಬ ತೆಳು ಹಗ್ಗ ಬೀಸಿ ಎಸೆಯುತ್ತಾನೆ. ಕೆಳಗಿರುವ ಆರು ಜನ ಅದನ್ನು ಹಿಡಿದು ಎಳೆದಂತೆಲ್ಲ, ಅದರ ತುದಿಗೆ ಕಟ್ಟಿದ ಮುಂಗೈ ದಪ್ಪದ ಹಗ್ಗ ನೀರು ಸುರಿಸುತ್ತ ಮೇಲೇಳುತ್ತದೆ. ಅದರ ಕುಣಿಕೆಯನ್ನು ದಡದ ಕಬ್ಬಿಣದ ಗೂಟಕ್ಕೆ ಹಾಕುವವರು ದಾವಲಮಲಿಕ. ಹಾಕಿದವರೇ ಕೈಯೆತ್ತಿ ಸನ್ನೆ ಮಾಡಿ, ಹತ್ತು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಿಗಿಯಾದ ಹಗ್ಗ ಹರಿದರೆ ಮನುಷ್ಯನ ಕಾಲು ಉಳಿಯುವುದಿಲ್ಲ.

ಹನ್ನೆರಡು ಹಗ್ಗ ಕಟ್ಟಿ ಮುಗಿಯುವಷ್ಟರಲ್ಲಿ ಬೆಳಕು ಹರಿದಿದೆ. ಉಳಿದ ಐವರು ಚಹಾ ಕುಡಿಯಲು ಹೊರಟರೆ ದಾವಲಮಲಿಕ ಹಡಗಿನ ಹಿಂಬದಿಗೆ ನಡೆಯುತ್ತಾರೆ. ಅಲ್ಲಿ ಹಡಗಿನ ಹೆಸರಿನ ಕೆಳಗೆ ಅದು ಯಾವ ಊರಿನದು ಎಂದು ಬರೆದಿರುತ್ತದೆ. ಕತ್ತೆತ್ತಿ, ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ, ಜೇಬಿನ ಪೆನ್ನು ತೆಗೆದು ಅಂಗೈ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ: ವಲೆಟ್ಟಾ.

"ಮಾಲ್ಟಾ ಅಂತ ಒಂದು ದೇಶ ಐತ್ರಿ, ಭಾಳ ಸಣ್ಣದು. ಅದರ ರಾಜಧಾನಿ ಇದು. ಇವತ್ತು ಶನಿವಾರ, ಹುಡುಗ್ರನ್ನ ಕೇಳಾಕ ಬೇಕಲ್ಲ" ಎನ್ನುತ್ತಾರೆ.

ಐವತ್ತೇಳರ ದಾವಲಮಲಿಕ ಮೂವತ್ತೊಂದು ವರ್ಷದಿಂದ ಹಡಗು ಕಟ್ಟುತ್ತಿದ್ದಾರೆ. ಗುತ್ತಿಗೆಯ ಕೆಲಸ. ಗದಗಿನ ಮುಳಗುಂದದ ಕಡೆಯ ಹಳ್ಳಿಯಿಂದ ತಂದೆಯ ಕೈ ಹಿಡಿದು ಬಂದಾಗ ಐದನೇ ಇಯತ್ತೆ ಮುಗಿದಿತ್ತು; ಮುಂದೆ ಶಾಲೆಯ ಮುಖ ನೋಡಲಿಲ್ಲ. ಅಂಥವರು ಇಂದು ಏಳನೇ ತರಗತಿಯ ಮೂವತ್ತೆಂಟು ಮಕ್ಕಳಿಗೆ ವಾರಕ್ಕೊಮ್ಮೆ ಭೂಗೋಳದ ಪರೀಕ್ಷೆ ನಡೆಸುತ್ತಾರೆ. ಹತ್ತು ಪ್ರಶ್ನೆ, ನಲವತ್ತು ನಿಮಿಷ. ನಾಲ್ಕು ಪ್ರಶ್ನೆ ಆ ವಾರ ಅವರು ಕಟ್ಟಿದ ಹಡಗುಗಳದ್ದು. ಉಳಿದ ಆರು, ಚಹಾದಂಗಡಿಯ ಜಿಲಾನಿ ಇವರಿಗೆಂದೇ ಎತ್ತಿಡುವ ಹಳೆಯ ಕನ್ನಡ ಪತ್ರಿಕೆಗಳಿಂದ ಬಂದವು.

ಎಂಟು ಗಂಟೆಗೆ ಅವರ ಸೈಕಲ್ ಪಕ್ಕದ ಸಾಂಕೋಲೆಯ ಕನ್ನಡ ಶಾಲೆಯ ಮುಂದೆ ನಿಲ್ಲುತ್ತದೆ. ಹಿಂದಿನ ಕ್ಯಾರಿಯರ್‌ನಲ್ಲಿ ಸುತ್ತಿಟ್ಟ ನೀಲಿ ತಾಡಪತ್ರಿ, ಅಂದರೆ ಟಾರ್ಪಾಲು. ಅದನ್ನು ಇಳಿಸಲು ಮಕ್ಕಳು ಮುಗಿಬೀಳುತ್ತಾರೆ. ಅಂಗಳದಲ್ಲಿ ಬಿಚ್ಚಿ ಹಾಸಿದರೆ ಹದಿನೆಂಟು ಅಡಿ ಉದ್ದದ ಜಗತ್ತು. ನೀಲಿಯೆಲ್ಲ ಸಮುದ್ರ, ತುಕ್ಕು ಹಿಡಿಯದಂತೆ ಹಡಗಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಬರೆದದ್ದೆಲ್ಲ ನೆಲ. ಒಂದೇ ಒಂದು ಹೆಸರಿಲ್ಲ.

"ಹೆಸರು ಬರದ್ರ ಓದಿ ಹೇಳ್ತಾವ್ರಿ. ಓದೂದು ಬ್ಯಾರೆ, ಗೊತ್ತಿರೂದು ಬ್ಯಾರೆ."

ಉತ್ತರ ಬಾಯಲ್ಲಿ ಹೇಳುವಂತಿಲ್ಲ. ಚಪ್ಪಲಿ ಬಿಟ್ಟು, ಗೋವಾದಿಂದ ಹೊರಟು, ನೀಲಿಯ ಮೇಲಷ್ಟೇ ಹೆಜ್ಜೆಯಿಟ್ಟು ಆ ಊರಿಗೆ ಹೋಗಿ ನಿಲ್ಲಬೇಕು. ಕೆಂಪು ಮುಟ್ಟಿದರೆ ಔಟ್. ಹಡಗು ನೆಲದ ಮೇಲೆ ಹೋಗುವುದಿಲ್ಲ. ಕೆಂಪು ಸಮುದ್ರ ಸರಿಯಾಗಿ ಒಂದು ಪಾದದಷ್ಟು ಅಗಲವಿದೆ. "ಲೆಕ್ಕದ ಪ್ರಕಾರ ಎರಡು ಬೆರಳು ಸಾಕ್ರಿ. ಕಾಲಿಡಾಕ ಆಗಂಗಿಲ್ಲಂತ ನಾನಽ ಸ್ವಲ್ಪ ಅಗಲ ಮಾಡೀನಿ" ಎಂದು ತಪ್ಪೊಪ್ಪಿಕೊಳ್ಳುತ್ತಾರೆ.

ನಕಾಶೆಯ ನಂಟು ಬೆಳೆದದ್ದು ಸಂತೋಷದಿಂದಲ್ಲ. ೨೦೦೪ರಲ್ಲಿ ವಾಸ್ಕೋದ ಬಾಯ್ನಾ ಕಡಲತೀರದ ಮನೆಗಳನ್ನು ಕೆಡವಿದಾಗ ಅವರ ಮನೆಯೂ ಹೋಯಿತು. ಅದಕ್ಕೂ ಮೊದಲು ಒಬ್ಬ ಅಧಿಕಾರಿ ಜೀಪಿನ ಮೇಲೆ ನಕಾಶೆ ಹಾಸಿ, ಯಾವ ಗೆರೆಯ ಈಚೆಗಿನ ಮನೆಗಳನ್ನು ಬಿಡಬೇಕೆಂದು ಎಲ್ಲರಿಗೂ ತೋರಿಸಿದ್ದರಂತೆ. "ಅವರು ಪಾಪ ಸಮಾಧಾನದಿಂದ ಹೇಳಿದ್ರು. ತಿಳೀತಾ ಅಂತ ಕೇಳಿದ್ರು. ನಾನು ಹೂಂ ಅಂದೆ. ಏನೂ ತಿಳಿದಿರಲಿಲ್ರಿ. ನನ್ನ ಮನಿ ಯಾವ್ದು, ಸಮುದ್ರ ಯಾವ್ದು ಅನ್ನೂದೂ ತಿಳೀಲಿಲ್ಲ. ಕೇಳಾಕ ನಾಚಿಕಿ ಬಂತು."

ಏಳು ವರ್ಷದ ನಂತರ ಮಗಳು ರುಕ್ಸಾನಾ ಶಾಲೆಯ ಪರೀಕ್ಷೆಯಲ್ಲಿ ನಕಾಶೆಯ ಪ್ರಶ್ನೆಯನ್ನು ಖಾಲಿ ಬಿಟ್ಟು ಬಂದು ಅತ್ತಾಗ ಆ ನಾಚಿಕೆ ಮತ್ತೆ ಕಾಡಿತು. ರದ್ದಿ ಅಂಗಡಿಯಲ್ಲಿ ಹರಿದ ಅಟ್ಲಾಸ್ ಒಂದು ಸಿಕ್ಕಿತು. ಅಪ್ಪ, ಮಗಳು ಇಬ್ಬರೂ ಕೂತು ಕಲಿತರು. ದಿನಾ ಕಣ್ಣೆದುರು ಕಾಣುವ ಹಡಗಿನ ಊರುಗಳು ಒಂದೊಂದಾಗಿ ಪುಸ್ತಕದಲ್ಲಿ ಸಿಕ್ಕಾಗ ಅವರಿಗಾದ ಬೆರಗು ಇನ್ನೂ ಆರಿಲ್ಲ.

ತಾಡಪತ್ರಿಯ ಕತೆಯನ್ನು ಹೆಂಡತಿ ಅಖ್ತರಬಾನು ಹೇಳಬೇಕು. "ಮಳಿಗಾಲಕ್ಕ ಮಾಡಿನ ಮ್ಯಾಲೆ ಹಾಕಾಕ ಅಂತ ಎರಡು ತಂದಿದ್ರು. ನಾ ಕೆಲಸದಿಂದ ಬಂದು ನೋಡಿದ್ರ ಒಂದರ ಮ್ಯಾಲೆ ಆಫ್ರಿಕಾ ಇತ್ತು! ಬೈದೆ. ಮರುದಿನ ಎರಡನೇದರ ಮ್ಯಾಲೆ ಚೀನಾ ಬರದ್ರು. ಆ ವರ್ಷ ಸೋರೂ ನೀರಿಗೆ ಮನಿ ತುಂಬ ಪಾತೇಲಿ ಇಟಗೊಂಡು ಕುಂತ್ವಿ." ಬೈದವರೇ ಎರಡನ್ನೂ ಕೂಡಿಸಿ ಹೊಲಿದುಕೊಟ್ಟರು.

ಶಾಲೆಯ ಶಿಕ್ಷಕಿ ನಂದಾ ಅಕ್ಕೋರು ಇದನ್ನು ನೋಡಿ, ಒಂದು ಶನಿವಾರ ಮಕ್ಕಳಿಗೆ ತೋರಿಸಿ ಎಂದರು. ಆ ಒಂದು ಶನಿವಾರ ಹದಿಮೂರು ವರ್ಷಕ್ಕೆ ಬೆಳೆದಿದೆ. "ಇಲ್ಲಿನ ಮಕ್ಕಳ ಅಪ್ಪ-ಅವ್ವ ಕಾರ್ಖಾನೆ, ಬಂದರು, ಕಟ್ಟಡ ಅಂತ ದುಡಿಯೋರು. ಸುದ್ದಿ ಅಂದರೆ ಬೇರೆಯವರಿಗೆ ಆಗೋದು ಅಂದುಕೊಂಡಿರ್ತಾರೆ. ಚಾಚಾ ಬಂದ ಮೇಲೆ ಅದು ಬದಲಾಯ್ತು" ಎನ್ನುತ್ತಾರೆ ಅಕ್ಕೋರು.

ಅದು ಎಷ್ಟು ಬದಲಾಯಿತು ಎಂಬುದು ದಾವಲಮಲಿಕರಿಗೇ ತಿಳಿದದ್ದು ೨೦೨೪ರ ಜನವರಿಯ ಒಂದು ಶನಿವಾರ. ಆಗ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದ ಸುದ್ದಿ ಪತ್ರಿಕೆಯ ತುಂಬ. ಅಂದಿನ ಮೂರನೇ ಪ್ರಶ್ನೆ ಅದೇ: ಹಡಗುಗಳು ಈಗ ಹೋಗಲು ಹೆದರುವ ಆ ಇಕ್ಕಟ್ಟಿನ ಬಾಯಿ ಎಲ್ಲಿದೆ? ಕೊನೆಯ ಸಾಲಿನಿಂದ ಫರ್ಹೀನ ಎಂಬ ಹುಡುಗಿ ಎದ್ದು, ತಾಡಪತ್ರಿಯ ಮೇಲೆ ನಡೆದು, ಒಂದೂ ತಪ್ಪು ಹೆಜ್ಜೆಯಿಲ್ಲದೆ ಆ ಬಾಯಿಯಲ್ಲಿ ಹೋಗಿ ನಿಂತಳು. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಅಲ್ಲಿಂದ ಕದಲಲಿಲ್ಲ.

"ಚಾಚಾ, ನಮ್ಮ ಅಬ್ಬಾ ಇಲ್ಲೇ ಅದಾರ" ಎಂದಳು.

ಅವಳ ಅಪ್ಪ ಶಾನವಾಜ ಹಡಗೊಂದರ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವ ಕೆಲಸಕ್ಕೆ ಹೋಗಿದ್ದ. ಬುಧವಾರ ಓಮಾನಿನ ಸಲಾಲಾ ಬಂದರಿನಿಂದ ಫೋನು ಮಾಡಿ, ಇನ್ನು ಕೆಂಪು ಸಮುದ್ರ ಎಂದು ಹೇಳಿದ್ದೇ ಕೊನೆ. ಹಳೆಯ ಹಡಗು, ನಡುಸಮುದ್ರದಿಂದ ಮನೆಗೆ ಮಾತಾಡುವ ಸೌಕರ್ಯವಿಲ್ಲ.

"ನಾನು ಪ್ರಶ್ನಿ ಕೇಳಿದ್ದು ಪೇಪರ್ ನೋಡಿ. ಆ ಕೂಸು ಉತ್ತರ ಹೇಳಿದ್ದು ಮನಿ ನೋಡಿ" ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ.

ಅಂದು ಪರೀಕ್ಷೆ ಅಲ್ಲಿಗೇ ನಿಂತಿತು. ಶಾಲೆಯಿಂದ ನೇರ ಫರ್ಹೀನಳ ಮನೆಗೆ ಹೋದರು. ತಾಯಿ ಸಮ್ರೀನ ಒಲೆ ಹಚ್ಚಿರಲಿಲ್ಲ. ಕೆಲಸಕ್ಕೆ ಕಳಿಸಿದ ಏಜೆಂಟ್ 'ಹಡಗು ದಾರಿ ಬದಲಿಸಿದೆ' ಎಂದಷ್ಟೇ ಹೇಳಿ ಫೋನು ಇಟ್ಟಿದ್ದನಂತೆ. ದಾರಿ ಬದಲಿಸುವುದೆಂದರೇನು, ಎಲ್ಲಿಗೆ, ಎಷ್ಟು ದಿನ, ಆಕೆಗೆ ಯಾರೂ ಹೇಳಿರಲಿಲ್ಲ. ದಾವಲಮಲಿಕ ಅಂಗಳದಲ್ಲೇ ತಾಡಪತ್ರಿ ಬಿಚ್ಚಿದರು. ಫರ್ಹೀನಳನ್ನು ಸಲಾಲಾದಲ್ಲಿ ನಿಲ್ಲಿಸಿ, ಆಫ್ರಿಕಾದ ಅಂಚಿನಗುಂಟ ದಕ್ಷಿಣಕ್ಕೆ ನಡೆಸಿದರು. "ನೋಡವ್ವಾ, ಹಿಂಗ ಸುತ್ತು ಹಾಕಿ ಹೋಗ್ತಾರ. ಜಗಳದ ಕಡೆ ಹೋಗಂಗಿಲ್ಲ. ದಾರಿ ಉದ್ದ ಐತಿ, ಅದಕ್ಕ ಫೋನ್ ಬರಾಕತ್ತಿಲ್ಲ."

ಎಷ್ಟು ದಿನ ಎಂದು ಆಕೆ ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಮರುದಿನ ಬಂದರಿನಲ್ಲಿ ಫಿಲಿಪ್ಪೀನ್ಸ್‌ನ ನಾವಿಕನೊಬ್ಬನನ್ನು ತಡೆದು, ಅಂಗೈ ಮೇಲೆ ಗೆರೆ ಎಳೆದು, ಸಲಾಲಾ, ಆ ಸುತ್ತುದಾರಿಯಲ್ಲಿ ಹಡಗುಗಳು ನಿಲ್ಲುವ ದಕ್ಷಿಣ ಆಫ್ರಿಕಾದ ಬಂದರು ಡರ್ಬನ್, ಇವೆರಡರ ಹೆಸರು ಹೇಳಿದರು. ಆತ ಹತ್ತು ಬೆರಳು ತೋರಿಸಿ, ಮತ್ತೆರಡು ಎತ್ತಿದ. ಸಂಜೆಯೇ ಹೋಗಿ ಸಮ್ರೀನಳಿಗೆ ಹೇಳಿದರು: "ಬುಧವಾರದಿಂದ ಹನ್ನೆರಡು ದಿನ."

ಹನ್ನೆರಡನೇ ದಿನ ಫೋನು ಬರಲಿಲ್ಲ. ಹದಿಮೂರನೇ ದಿನವೂ ಇಲ್ಲ. ಅಖ್ತರಬಾನು ಬಡಿಸಿದ ಊಟ ಹಾಗೇ ಉಳಿಯುತ್ತಿತ್ತು. "ಗೊತ್ತಿಲ್ಲಂತ ಅನ್ನಬೇಕಿತ್ತು ನಾನು. ದೊಡ್ಡ ಶಾಣ್ಯಾ ಆಗಾಕ ಹೋಗಿ ಒಬ್ಬ ಹೆಣ್ಣಮಗಳಿಗೆ ಸುಳ್ಳು ಭರೋಸಾ ಕೊಟ್ನೇನೋ ಅಂತ ಮನಸ್ಸಿಗೆ ಭಾಳ ಹತ್ತಿಬಿಡ್ತು." ಬಂದರಿಗೆ ಬಂದ ಪ್ರತಿ ಹಡಗಿನವರನ್ನೂ ಕೇಳಿದರು. ಎದುರುಗಾಳಿ ಇದೆ, ತಡವಾಗುತ್ತದೆ ಎಂದು ಒಬ್ಬ ಹೇಳಿದ. ಅದನ್ನು ಸಮ್ರೀನಳ ಮುಂದೆ ಹೇಳುವ ಧೈರ್ಯ ಅವರಿಗಾಗಲಿಲ್ಲ.

ಹದಿನೈದನೇ ದಿನ, ಗುರುವಾರ ಮಧ್ಯಾಹ್ನ, ಹಗ್ಗದ ಕುಣಿಕೆ ಕೈಯಲ್ಲಿರುವಾಗಲೇ ಜೇಬಿನ ಮೊಬೈಲ್ ಬಡಿಯಿತು. ಕುಣಿಕೆ ಗೂಟಕ್ಕೆ ಹಾಕಿ, ಹತ್ತು ಹೆಜ್ಜೆ ಹಿಂದೆ ಸರಿದು ತೆಗೆದರು. ಆ ಕಡೆ ಫರ್ಹೀನಳ ದನಿ: "ಚಾಚಾ, ಅಬ್ಬಾ ಡರ್ಬನ್‌ನ್ಯಾಗ ಅದಾರಂತ! ಮೂರು ದಿನ ತಪ್ಪಿತು ನಿಮ್ಮ ಲೆಕ್ಕ."

"ತಪ್ಪಿದ್ದಕ್ಕ ಅಷ್ಟು ಖುಷಿ ನನಗ ಎಂದೂ ಆಗಿದ್ದಿಲ್ರಿ" ಎಂದು ನಗುತ್ತಾರೆ.

ಆಗಸ್ಟಿನಲ್ಲಿ ರಜೆಗೆ ಬಂದ ಶಾನವಾಜ ಮಗಳ ಜೊತೆ ಒಂದು ಶನಿವಾರ ಶಾಲೆಗೇ ಬಂದ. ಅಷ್ಟು ದೂರ ಹೋಗಿ ಬಂದವನು, ಹೋದ ದಾರಿಯನ್ನು ಒಮ್ಮೆಯೂ ಕಂಡಿರಲಿಲ್ಲ; ಎಂಜಿನ್ ಕೋಣೆಗೆ ಕಿಟಕಿಯಿಲ್ಲ. ಮಗಳು ಅಪ್ಪನ ಚಪ್ಪಲಿ ಬಿಡಿಸಿ, ಕೈ ಹಿಡಿದು, ಆಫ್ರಿಕಾವನ್ನು ಸುತ್ತಿಸಿದಳು. ಅರ್ಧ ದಾರಿಯಲ್ಲಿ ನಿಂತು ಅವನು ಹಿಂದಿರುಗಿ ಗೋವಾದ ಕಡೆ ನೋಡಿದ. "ಇಷ್ಟು ದೂರ ಹೋಗಿದ್ನಾ ನಾನು?" ಎಂದ. ಮಕ್ಕಳು ನಕ್ಕರು. ದಾವಲಮಲಿಕ ಮುಖ ಅತ್ತ ತಿರುಗಿಸಿಕೊಂಡು ಸೈಕಲ್ಲಿನ ಹಗ್ಗ ಬಿಗಿಯುತ್ತ ನಿಂತರಂತೆ. ಇದು ನಂದಾ ಅಕ್ಕೋರು ಹೇಳಿದ್ದು.

ಅಂದಿನಿಂದ ಪರೀಕ್ಷೆಯ ಕ್ರಮ ಬದಲಾಗಿದೆ. ಯಾವ ಸುದ್ದಿ ಕೇಳುವ ಮೊದಲೂ ಅವರು ಒಂದು ಮಾತು ಕೇಳುತ್ತಾರೆ: ಆ ಕಡೆ ನಮ್ಮವರು ಯಾರರೇ ಅದಾರೇನು? ಕುವೈತ್ ಎಂದರೆ ಎರಡು ಕೈ ಏಳುತ್ತವೆ, ದುಬೈ ಎಂದರೆ ಐದು. ಕೈಯೆತ್ತಿದ ಮಕ್ಕಳನ್ನು ಮೊದಲು ಅಲ್ಲಿ ನಿಲ್ಲಿಸಿ, ಪ್ರಶ್ನೆ ಆಮೇಲೆ.

ಇವತ್ತಿನ ಹತ್ತೂ ಪ್ರಶ್ನೆ ಮುಗಿದಿವೆ. ವಲೆಟ್ಟಾಗೆ ಹೊರಟ ನಾಲ್ವರಲ್ಲಿ ಇಬ್ಬರು ತಲುಪಿದರು. ಗಂಟೆ ಬಾರಿಸುವ ಹೊತ್ತಿಗೆ ಎರಡನೇ ಸಾಲಿನ ಹುಡುಗಿಯೊಬ್ಬಳು, ಕ್ರಿಕೆಟ್ ನಡೆಯುವ ನ್ಯೂಜಿಲೆಂಡ್ ಎಲ್ಲಿ ಎಂದು ಕೇಳುತ್ತಾಳೆ. ದಾವಲಮಲಿಕ ಆಸ್ಟ್ರೇಲಿಯಾದಾಚೆ ನೋಡುತ್ತಾರೆ. ಅಲ್ಲಿ ತಾಡಪತ್ರಿ ಮುಗಿದು ಅಂಗಳದ ಮಣ್ಣು ಕಾಣುತ್ತಿದೆ. ಒಂದು ಹಂಚಿನ ಚೂರು ಹುಡುಕಿ ಮಣ್ಣಿನ ಮೇಲಿಟ್ಟು, "ಇಲ್ಲಿ" ಎನ್ನುತ್ತಾರೆ.

ತಾಡಪತ್ರಿ ಸುತ್ತುವಾಗ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಆ ಹಂಚಿನ ಚೂರಿನತ್ತ ಕೈ ತೋರಿಸುತ್ತಾರೆ.

"ಮಳಿಗಾಲ ಮುಗದ ಮ್ಯಾಲೆ ಇನ್ನೊಂದು ತುಂಡು ತಂದು ಆ ಕಡೆ ಹೊಲಿಸಬೇಕ್ರಿ. ನ್ಯೂಜಿಲೆಂಡ್ ಬಿಟ್ಟುಹೋಗೇತಿ. ಯಾರದರೇ ಅಪ್ಪ ಅಲ್ಲಿಗೂ ಹೋಗಬಹುದಲ್ರಿ."