ಮುನಿಯಲ್ಲಮ್ಮನ ಹಲ್ಲು, ಆಶಾರಾಣಿಯ ಪ್ರೀಸೆಟ್

ಆಶಾರಾಣಿಗೆ ಚಿಂತೆ ಮಾಡಲು ಕಾರಣ ಬೇಕಿರಲಿಲ್ಲ. ಕಾರಣ ಸಿಕ್ಕರೆ ಅದೊಂದು ಅನುಕೂಲ, ಅಷ್ಟೆ. ಪಾಪು ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಮೂಗು ಕಟ್ಟಿದೆ. ಸಾಕ್ಸ್ ಬಿಗಿಯಾಯಿತೇನೋ ಎಂದು ಮಧ್ಯಾಹ್ನ ಬಿಚ್ಚುವಳು, ಶೀತವಾದೀತೆಂದು ಸಂಜೆ ಮತ್ತೆ ತೊಡಿಸುವಳು. ಅಲ್ಲಾಳಸಂದ್ರ ಕೆರೆಯ ಕಡೆಯಿಂದ ಒಂದು ಸೊಳ್ಳೆ ಒಳಗೆ ಬಂದರೆ ಸಾಕು, ಅಂಗಡಿಯಲ್ಲಿದ್ದ ಗಂಡ ಸುರೇಶನ ಫೋನು ಹೊಡೆದುಕೊಳ್ಳುತ್ತಿತ್ತು.

"ಡೆಂಗಿ ಸೊಳ್ಳೆನೋ ಮಾಮೂಲಿ ಸೊಳ್ಳೆನೋ ನಾನ್ ಹೆಂಗ್ ಹೇಳ್ಲೇ? ಇಲ್ಲಿಂದ ಅದರ ಮುಖ ಕಾಣಲ್ಲ," ಎನ್ನುತ್ತಿದ್ದ ಅವನು.

ಇಂಥ ಆಶಾಗೆ ಜಗತ್ತಿನಲ್ಲಿ ನೆಮ್ಮದಿ ಕೊಡುತ್ತಿದ್ದ ವಸ್ತು ಒಂದೇ: ಪ್ರೀಸೆಟ್. ಪಾಪು ಹುಟ್ಟುವ ಮೊದಲು ಅವಳು ಯಲಹಂಕದ ಶಾಲೆಯೊಂದರಲ್ಲಿ ಹಾಡು ಕಲಿಸುತ್ತಿದ್ದಳು. ಈಗ ಮಲಗುವ ಕೋಣೆಯ ಬಟ್ಟೆ ಬೀರುವಿನಲ್ಲಿ, ಸೀರೆಗಳ ಮಧ್ಯೆ ಮೈಕ್ ತೂಗುಹಾಕಿ, ಮಕ್ಕಳ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದಳು. ರೇಷ್ಮೆ ಸೀರೆಗಿಂತ ಕಾಟನ್ ಸೀರೆ ಸದ್ದನ್ನು ಚೆನ್ನಾಗಿ ಹೀರುತ್ತದೆ ಎಂಬುದು ಅವಳು ತಾನಾಗಿ ಕಂಡುಕೊಂಡ ಸತ್ಯ. ಆಮೇಲಿನದೆಲ್ಲ ಲ್ಯಾಪ್‌ಟಾಪಿನ ಕೆಲಸ. ದನಿಯಲ್ಲಿ ಗುಂಯ್ ಎನ್ನುವುದನ್ನೋ ಕೀಚ್ ಎನ್ನುವುದನ್ನೋ ಬೇಕಾದಷ್ಟು ಕತ್ತರಿಸಲು ಈಕ್ವಲೈಸರ್. ಕೂಗಿದ್ದನ್ನು ತಗ್ಗಿಸಿ, ಪಿಸುಗುಟ್ಟಿದ್ದನ್ನು ಮೇಲೆತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ಕಂಪ್ರೆಸರ್. ಅವುಗಳಲ್ಲಿದ್ದ ಗುಂಡಿಗಳನ್ನು ಆಶಾ ಮುಟ್ಟಿದವಳೇ ಅಲ್ಲ. ತಪ್ಪು ತಿರುಗಿಸಿಬಿಟ್ಟರೆ? ಯಾರೋ ತಿಳಿದವರು ಮೊದಲೇ ಎಲ್ಲ ತಿರುಗಿಸಿಟ್ಟು, ಒಂದೊಂದಕ್ಕೆ ಹೆಸರಿಟ್ಟು ಕೊಟ್ಟದ್ದು ಪ್ರೀಸೆಟ್. 'ಬೆಚ್ಚನೆಯ ದನಿ', 'ರೇಡಿಯೊ ದನಿ', 'ಹತ್ತಿರ ಕೂತು ಹಾಡಿದಂತೆ'. ಒತ್ತಿದರೆ ಮುಗಿಯಿತು, ಹೊಣೆ ಅವರದು. ಬದುಕಿಗೂ ಹೀಗೇ ಇರಬಾರದಿತ್ತೇ ಎಂದು ಅವಳಿಗೆ ಅನಿಸುತ್ತಿತ್ತು. 'ಪಾಪು: ಹಲ್ಲು ಹುಟ್ಟುವಾಗ'. 'ಅತ್ತೆ: ಹಬ್ಬದ ಹಿಂದಿನ ದಿನ'.

ಅತ್ತೆ ಮುನಿಯಲ್ಲಮ್ಮ ಊರು ಊರಾಗಿದ್ದ ಕಾಲದಿಂದ ಅಲ್ಲಾಳಸಂದ್ರದ ಸೋಬಾನೆ ಹಾಡುಗಾರ್ತಿ. ಯಾರ ಮನೆಯ ಮದುವೆಯಾಗಲಿ, ತೊಟ್ಟಿಲಾಗಲಿ, ಅವರು ಬಾಯಿ ತೆರೆದ ಮೇಲೇ ಶುರು. ಆದರೆ ಈಗ ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಮುಂದಿನ ಒಂದು ಹಲ್ಲು ಮುರಿದು, ತೋರಿಸಲು ಹೋದರೆ ಡಾಕ್ಟರು ಅಲ್ಲಾಡುತ್ತಿದ್ದ ಉಳಿದವನ್ನೂ ಕಿತ್ತು ಪೂರ್ತಿ ಸೆಟ್ಟೇ ಕೂರಿಸಿದ್ದರು. ಹೊಸ ಹಲ್ಲಿನಲ್ಲಿ 'ಸ' ಬಂದಲ್ಲೆಲ್ಲ ಸೀಟಿ. ಅವರು "ಸುರೇಸಾ" ಎಂದು ಕರೆದರೆ ಆಶಾ ಕುಕ್ಕರ್ ಆರಿಸಲು ಓಡುತ್ತಿದ್ದಳು.

ಅಷ್ಟರಲ್ಲಿ ಮಾಕಳಿಯಲ್ಲಿ ನಾಮಕರಣ ಬಂತು. ಮುನಿಯಲ್ಲಮ್ಮನ ಮಗಳು ರಾಣಿಯ ಚೊಚ್ಚಲ ಮಗುವಿನದು. ರಾಣಿಯ ಅತ್ತೆ ಕೃಷ್ಣಮ್ಮ ದೊಡ್ಡ ಮನೆ, ದೊಡ್ಡ ಮೂಗುತಿ, ಅದಕ್ಕಿಂತ ದೊಡ್ಡ ಮುನಿಸಿನ ಹೆಂಗಸು. ತಮ್ಮ ಮನೆಯಲ್ಲಿ ಮಾಡಿದ ರಾಣಿಯ ಸೀಮಂತದಲ್ಲಿ ಯಾರೋ ಪಾಯಸಕ್ಕೆ ಸಕ್ಕರೆ ಕಮ್ಮಿ ಅಂದರೆಂದು ಅವರು ಮುಖ ಊದಿಸಿಕೊಂಡಿದ್ದರು. ಅದರ ಬಿಸಿ ತಟ್ಟಿದ್ದು ರಾಣಿಗೆ.

"ಕಂಡೋರ್ ಮುಂದೆ ಸೀಟಿ ಒಡ್ಕೊಂಡ್ ಆಡಾಕಾಯ್ತದಾ? ಆಡ್ದಿದ್ರೆ ಬೀಗಿತ್ತಿ ಏನಂತಾಳೆ? ರಾಣಿ ಮಕ ಎಲ್ಲಿ ಇಟ್ಕೊಂತಾಳೆ?" ಎಂದು ಮುನಿಯಲ್ಲಮ್ಮ ಊಟ ಬಿಟ್ಟರು.

"ಇಲ್ಲೇ ಹಾಡಿ ಅತ್ತೆ, ರೆಕಾರ್ಡ್ ಮಾಡೋಣ. ಸೀಟಿ ನಾನು ತೆಗೀತೀನಿ. ಅಲ್ಲಿ ಸ್ಪೀಕರಲ್ಲಿ ಹಾಕಿದ್ರಾಯ್ತು," ಎಂದುಬಿಟ್ಟಳು ಆಶಾ. ಅಂದ ಮರುಕ್ಷಣದಿಂದ ಅವಳಿಗೂ ಊಟ ಸೇರಲಿಲ್ಲ.

ಮುನಿಯಲ್ಲಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯನ್ನು ಬೀರುವಿನೊಳಗೆ ತೂರಿಸಿದ್ದಾಯಿತು.

"ಹಲ್ಲು ತೆಗ್ದು ಹಾಡಿ ಅತ್ತೆ, ಇಲ್ಲಿ ಯಾರ್ ನೋಡ್ತಾರೆ?"

"ಗೋಡೆ ಮ್ಯಾಲೆ ನಿಮ್ ಮಾವ ಅವ್ರಲ್ಲ. ಅವರ ಮುಂದೆ ಬಾಯ್ ಬಿಟ್ಕೊಂಡ್ ಕುಂತ್ಕೊಳಾ?"

ಹಾಡು ಮುಗಿಯುವಷ್ಟರಲ್ಲಿ ಪಾಪು ನಿದ್ದೆ ಹೋಗಿತ್ತು. ಆಶಾ ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ತೊಟ್ಟಿಲಿಗೆ ಕೊಟ್ಟು ಕೂತಳು. ಈಕ್ವಲೈಸರಿನ 'ಸೀಟಿ ಕತ್ತರಿ' ಎಂಬ ಪ್ರೀಸೆಟ್ ಹಾಕಿದೊಡನೆ ಸೀಟಿ ಮಾಯ. ಕಂಪ್ರೆಸರಿನದೇ ಕಷ್ಟ. 'ಮೃದು' ಹಾಕಿದಳು, ಸಪ್ಪೆ. 'ಗಟ್ಟಿ' ಹಾಕಿದಳು, ಜಗಳದಂತೆ. ಮೊದಲ ಸಾಲು, ಮತ್ತೆ ಮೊದಲ ಸಾಲು. ಇದ್ದಬದ್ದ ಪ್ರೀಸೆಟ್ಟನ್ನೆಲ್ಲ ಆ ಒಂದೇ ಸಾಲಿಗೆ ಹಾಕಿ ನೋಡಿ, ಕೊನೆಗೆ 'ಭಾರೀ ಗಂಟಲು' ಎಂಬುದನ್ನು ಆರಿಸಿದಳು. ಮೊದಲ ಸಾಲು ಭರ್ಜರಿಯಾಗಿ ಬಂತು. ಅಷ್ಟರಲ್ಲಿ ಪಾಪು ಎದ್ದಿತು. ಎರಡನೇ ಸಾಲು ಅವಳು ಕೇಳಲೇ ಇಲ್ಲ.

ಮಾಕಳಿಯ ಮನೆಯ ಮುಂದೆ ಶಾಮಿಯಾನ, ಎರಡು ಕಡೆ ಆಳೆತ್ತರದ ಸ್ಪೀಕರು. ಸೌಂಡ್ ಸಿಸ್ಟಮ್ಮಿನ ಜಹೀರ್ ಪೆನ್‌ಡ್ರೈವ್ ಇಸಕೊಂಡು, "ಚಿಂತೆ ಬಿಡಿ ಅಕ್ಕಾ," ಎಂದ. ಯಾರಿಗೆ ಹೇಳುತ್ತಿದ್ದೇನೆಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ಮಗುವನ್ನು ತೊಟ್ಟಿಲಿಗೆ ಹಾಕಿದರು. ಹಾಡು ಶುರುವಾಯಿತು.

"ತೊಟ್ಟಿಲ ತೂಗಮ್ಮ, ತೋರಣ ಕಟ್ಟಮ್ಮ, ಪುಟ್ಟನ ಹೆಸರ ಕರೆಯಮ್ಮ..."

ಹೆಂಗಸರು ತಲೆದೂಗಿದರು. ಮುನಿಯಲ್ಲಮ್ಮ ತುಟಿ ಬಿಗಿದು, ಬಿಂಕದಿಂದ ಸೆರಗು ಸರಿಮಾಡಿಕೊಂಡರು.

"ಬೀಗಿತ್ತಿ ಮನೆಯಂಗಳ ಬೆಳುದಿಂಗಳ ಹಾಲಂಗಳ..."

ಒಂದು ಉಸಿರು. ಆಮೇಲೆ, ಅದೇ ಭಾರೀ ಗಂಟಲಿನಲ್ಲಿ, ತುಮಕೂರು ರೋಡಿನವರೆಗೂ ಕೇಳುವಂತೆ: "ಬೆಳುದಿಂಗ್ಳಂತೆ. ಒಂದ್ ಬಲ್ಬ್ ಆಕಾಕೆ ಜೀವ ಓಯ್ತದೆ ಅವಳಿಗೆ."

ಆಶಾಗೆ ಈಗ ಹೊಳೆಯಿತು. ಮುನಿಯಲ್ಲಮ್ಮನಿಗೆ ಮನಸ್ಸಿಗೆ ಒಪ್ಪದ ಸಾಲು ಮುಗಿದಾಗೆಲ್ಲ ತಮ್ಮಷ್ಟಕ್ಕೆ ಗೊಣಗುವ ಅಭ್ಯಾಸ. ಬೀರುವಿನೊಳಗೆ ಅದು ಸೊಳ್ಳೆಯ ಸದ್ದಿನಷ್ಟೇ ಇತ್ತು. ಪಿಸುಗುಟ್ಟಿದ್ದನ್ನೆಲ್ಲ ಕಂಪ್ರೆಸರ್ ಹುಡುಕಿ ಹುಡುಕಿ ಎತ್ತಿ ನಿಲ್ಲಿಸಿತ್ತು. ನಿಲ್ಲಿಸಿ ಎಂದು ಆಶಾ ಎರಡೂ ಕೈ ಮೇಲೆತ್ತಿ ಬೀಸಿದಳು. ಮೆಚ್ಚಿಗೆಯೆಂದುಕೊಂಡ ಜಹೀರ್ ನಗುತ್ತ ಇನ್ನಷ್ಟು ಏರಿಸಿದ.

"ಬೀಗಿತ್ತಿ ಕೈಯಡುಗೆ ಬಾಯಿಗೆ ಜೇನಮ್ಮ..."

ಆಶಾ ಕಣ್ಣು ಮುಚ್ಚಿಕೊಂಡಳು.

"ಜೇನು! ಸೀಮಂತದಾಗೆ ಅವಳ್ ಕೊಟ್ಟ ಕೋಡ್ಬಳೆ ಕಡ್ದೇ ನನ್ ಅಲ್ಲು ಮುರಿದಿದ್ದು. ರಾಣಿಗೋಸ್ಕರ ಬಾಯ್ ಮುಚ್ಕೊಂಡಿವ್ನಿ."

ಜಹೀರನಿಗೆ ಈಗ ಅರ್ಥವಾಯಿತು, ತಂತಿಯನ್ನೇ ಕಿತ್ತ. ತೊಟ್ಟಿಲ ಹಗ್ಗ ಹಿಡಿದಿದ್ದ ರಾಣಿಯ ಮುಖ ಸುಣ್ಣವಾಯಿತು. ಕೃಷ್ಣಮ್ಮನ ಮೂಗುತಿ ಸಣ್ಣಗೆ ಅದುರುತ್ತಿತ್ತು. ಇಂಥದ್ದಕ್ಕೆ ಯಾವ ಪ್ರೀಸೆಟ್ಟೂ ಇಲ್ಲವಲ್ಲಪ್ಪಾ ಎಂದು ಆಶಾ ಪಾಪುವನ್ನು ಅವುಚಿಕೊಂಡಳು.

ಮುನಿಯಲ್ಲಮ್ಮ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬಾಯಿಗೆ ಕೈ ಹಾಕಿ, ಗಂಡನ ಫೋಟೋದ ಮುಂದೂ ತೆಗೆಯದ ಹಲ್ಲಿನ ಸೆಟ್ಟನ್ನು ಸಭೆಯ ನಡುವೆ ತೆಗೆದು, "ಇಡ್ಕೋ" ಎಂದು ಸೊಸೆಯ ಅಂಗೈಗಿಟ್ಟರು. ಆಮೇಲೆ ಬೊಚ್ಚು ಬಾಯಲ್ಲಿ, ಸೀಟಿಯ ಸುಳಿವಿಲ್ಲದೆ, ಹಾಡಿದರು:

"ಕೋಡ್ಬಳೆ ಕೊಟ್ಟಾಳೋ ಬೀಗಿತ್ತಿ, ಕಲ್ಲಂಗೆ ಕರಿದಾಳೋ ಬೀಗಿತ್ತಿ,
ಅಲ್ಲು ನಿನ್ ಮನೇಲೇ ಬಿಟ್ಟಿವ್ನಿ, ಇನ್ನೆಂಗ್ ನಗ್ಲಮ್ಮ ಬೀಗಿತ್ತಿ!"

ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಕೇಕೆ ಹಾಕಿದಳು. ಬೀಗರನ್ನು ಹಾಡಿನಲ್ಲಿ ಹಂಗಿಸುವುದು ಆ ಸೀಮೆಯ ಹಳೆಯ ಆಟ. ಹಾಡಿನಲ್ಲಿ ಅಂದದ್ದಕ್ಕೆ ಹಾಡಿನಲ್ಲೇ ಉತ್ತರ ಕೊಡಬೇಕು, ಸಿಟ್ಟಾದವರು ಸೋತಂತೆ. ಸ್ಪೀಕರು ಬಂದ ಮೇಲೆ ಎಲ್ಲರೂ ಅದನ್ನು ಮರೆತಿದ್ದರು. ಕೃಷ್ಣಮ್ಮ ಮರೆತಿರಲಿಲ್ಲ. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು:

"ಡಬ್ಬಿ ಕೋಡ್ಬಳೆ ತಿಂದಾಳೋ ಬೀಗಿತ್ತಿ, ಬುಡ ತಟ್ಟಿ ತಿಂದಾಳೋ ಬೀಗಿತ್ತಿ,
ತಿಂದು ಮುಗ್ದ್ಮೇಲೆ ಕಲ್ಲಂತೆ, ಕೇಳ್ರವ್ವ ಅಲ್ಲಾಳ್ಸಂದ್ರದ್ ಬೀಗಿತ್ತಿ!"

ಹೋ ಎಂದು ಶಾಮಿಯಾನ ಹಾರಿಹೋಗುವಂಥ ನಗು. ಬಲ್ಬಿಗೊಂದು, ಮೂಗುತಿಗೊಂದು, ಮುನಿಯಲ್ಲಮ್ಮನ ಗೊರಕೆಗೊಂದು ಹಾಡು ಬಂತು. ರಾಣಿ ನಕ್ಕು ನಕ್ಕು ತೊಟ್ಟಿಲನ್ನು ಅಡ್ಡಾದಿಡ್ಡಿ ತೂಗಿದಳು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕೆಂಬುದು ಊಟದ ಹೊತ್ತಿಗೆ ಯಾರಿಗೋ ನೆನಪಾಯಿತು.

ಆಶಾ ಮಾತ್ರ ಅಂಗೈ ಬಿಚ್ಚಿರಲಿಲ್ಲ. ಹಲ್ಲು ಬಿದ್ದು ಒಡೆದರೆ? ಪಾಪು ಬಾಯಿಗೆ ಹಾಕಿಕೊಂಡರೆ?

"ಕೊಡಮ್ಮ ಆಶಾ, ಎಲೆ ಆಕವ್ರೆ," ಎಂದು ಮುನಿಯಲ್ಲಮ್ಮ ಕೈ ಚಾಚಿದರು. ಎಲೆಯ ತುದಿಯಲ್ಲಿ ಕೋಡುಬಳೆಯಿತ್ತು. ಅದನ್ನು ನೋಡಿದರು. ಚಾಚಿದ ಕೈ ಹಿಂದಕ್ಕೆ ಹೋಯಿತು. "ಬ್ಯಾಡ, ನಿನ್ತಾವೇ ಇರ್ಲಿ."

ಆಗ ಕೃಷ್ಣಮ್ಮ ತಾವೇ ಸಾರಿನ ಬಕೆಟ್ ಹಿಡಿದು ಬಂದರು. ಬೀಗಿತ್ತಿಯ ಎಲೆಯ ಕೋಡುಬಳೆ ಎತ್ತಿಕೊಂಡು, ಎರಡೂ ಕೈಯಲ್ಲಿ ಮುರಿಯಲು ನೋಡಿದರು. ಮುರಿಯಲಿಲ್ಲ. ಸೊಂಟದ ಗೊಂಚಲಿನ ಬೀಗದ ಕೈ ತೆಗೆದು ಕುಟ್ಟಿ ಚೂರು ಮಾಡಿ, ಮೇಲೆ ಬಿಸಿ ಸಾರು ಹೊಯ್ದರು.

"ನೆನೀಲಿ, ಆಮೇಲ್ ತಿನ್ರಿ ಬೀಗ್ರೇ," ಎಂದು ಮುಂದಿನ ಎಲೆಗೆ ಹೋಗುತ್ತಾ, ತಮ್ಮಷ್ಟಕ್ಕೆ ಏನೋ ಗೊಣಗಿಕೊಂಡರು.

"ಏನಂದ್ಳು?" ಎಂದು ಮುನಿಯಲ್ಲಮ್ಮ ಸೊಸೆಯನ್ನು ತಿವಿದರು.

"ಕೇಳಿಸ್ಲಿಲ್ಲ ಅತ್ತೆ," ಎಂದಳು ಆಶಾ. ಆ ದಿನ ಮೊದಲ ಸಲ ಅವಳಿಗೆ ಹಾಯೆನಿಸಿತು.